ಒಂದು ಕಡ್ಡಿಯ ತುಕ್ಕಿಗೆ ಇಡೀ ಮಷೀನು ಗುಜರಿಗೆ ಬೇಡ

ಡಿಶ್‌ವಾಷರ್‌ನ ಕೆಳಗಿನ ರ‍್ಯಾಕನ್ನು ಹೊರಕ್ಕೆಳೆದು, ತಟ್ಟೆ ನಿಲ್ಲಿಸುವ ಕಡ್ಡಿಗಳ ತುದಿಯ ಮೇಲೆ ಬೆರಳಾಡಿಸಿದರೆ ಕಾಯಿಲೆ ಎಲ್ಲಿ ಶುರುವಾಗುತ್ತದೆಂದು ತಿಳಿಯುತ್ತದೆ. ಹೊಸದರಲ್ಲಿ ತುದಿ ನುಣುಪಾಗಿರುತ್ತದೆ. ಕೆಲವು ವರ್ಷ ಕುಕ್ಕರ್, ಬಾಣಲೆ, ಸ್ಟೀಲ್ ತಟ್ಟೆಗಳ ಪೆಟ್ಟು ತಿಂದ ಮೇಲೆ ಒಂದೆರಡು ಕಡ್ಡಿಗಳ ತುದಿ ತರಿತರಿಯಾಗಿ, ಅಲ್ಲಿ ಎಳ್ಳುಕಾಳಿನಷ್ಟು ಕಂದು ಚುಕ್ಕೆ ಕಾಣಿಸುತ್ತದೆ. ಉಗುರಿನಿಂದ ಕೆರೆದರೆ ಪ್ಲಾಸ್ಟಿಕ್ ಸಿಪ್ಪೆಯಂತೆ ಏಳುತ್ತದೆ, ಒಳಗಿಂದ ಕೆಂಪು ಪುಡಿ ಉದುರುತ್ತದೆ.

ಎಷ್ಟೋ ಮನೆಗಳಲ್ಲಿ ಇದು ಗಮನಕ್ಕೆ ಬರುವುದು ಬಿಳಿ ಪಿಂಗಾಣಿ ಕಪ್ಪಿಗೆ ಕಂದು ಕಲೆ ಅಂಟಿದಾಗ. ಅಷ್ಟರಲ್ಲಿ ಚುಕ್ಕೆ ಗೆರೆಯಾಗಿರುತ್ತದೆ. ‘ಮಷೀನೇ ಹಳೇದಾಯ್ತು, ಬೇರೆ ತಗೊಳ್ಳೋಣ’ ಎಂಬ ಮಾತು ಮನೆಯಲ್ಲಿ ಏಳುತ್ತದೆ. ಪಂಪು ಸರಿಯಿದೆ, ಹೀಟರ್ ಸರಿಯಿದೆ, ಬಾಗಿಲು ಗಟ್ಟಿಯಾಗಿ ಕೂರುತ್ತದೆ. ಕೆಟ್ಟಿರುವುದು ನಾಲ್ಕು ತಂತಿ. ಅಷ್ಟಕ್ಕೆ ಮಷೀನು ಬದಲಾಯಿಸುವುದು ತಪ್ಪು ತೀರ್ಮಾನ.

ಈ ತಂತಿಯ ಚೌಕಟ್ಟು ಸಣ್ಣ ವಸ್ತುವೇನಲ್ಲ. ಅಮೆರಿಕದ ಇಲಿನಾಯ್ ರಾಜ್ಯದ ಶೆಲ್ಬಿವಿಲ್‌ನ ಜೋಸೆಫೀನ್ ಕಾಕ್ರೇನ್ ಎಂಬಾಕೆ 1886ರ ಡಿಸೆಂಬರ್ 28ರಂದು ಪಾತ್ರೆ ತೊಳೆಯುವ ಯಂತ್ರಕ್ಕೆ ಪೇಟೆಂಟ್ ಪಡೆದರು. ಅವರ ಜಾಣ್ಮೆಯ ತಿರುಳು ಇದ್ದದ್ದೇ ತಂತಿಯ ಗೂಡುಗಳಲ್ಲಿ. ತಟ್ಟೆ, ಬಟ್ಟಲು, ಸಾಸರ್‌ಗಳನ್ನು ಅಳೆದು, ಒಂದೊಂದಕ್ಕೂ ಹೊಂದುವಂತೆ ತಂತಿ ಬಾಗಿಸಿ ಗೂಡು ಮಾಡಿಸಿದರು. ಪಾತ್ರೆ ಅಲುಗದೆ ನಿಂತರೆ ಉಜ್ಜುವ ಕೈ ಬೇಡ, ನೀರಿನ ರಭಸವೇ ಸಾಕು ಎಂಬುದನ್ನು ಆಕೆ ಮಾಡಿ ತೋರಿಸಿದರು. 1893ರ ಶಿಕಾಗೋ ವಿಶ್ವಮೇಳದಲ್ಲಿ ಆ ಯಂತ್ರ ಜನರ ಕಣ್ಣಿಗೆ ಬಿತ್ತು. ಇಂದಿನ ರ‍್ಯಾಕು ಆ ಗೂಡಿನದೇ ಸಂತತಿ.

ಈಗಿನ ಬಹುತೇಕ ರ‍್ಯಾಕ್‌ಗಳು ಉಕ್ಕಿನ ತಂತಿಯವು, ಮೇಲೆ ವಿನೈಲ್ ಇಲ್ಲವೇ ನೈಲಾನ್ ಹೊದಿಕೆ. ಹೊದಿಕೆ ಅಖಂಡವಾಗಿರುವವರೆಗೆ ತಂತಿಗೆ ನೀರೂ ಇಲ್ಲ, ಗಾಳಿಯೂ ಇಲ್ಲ. ಒಂದು ಚಾಕುವಿನ ಮೊನೆ ತಾಗಿ ಸೀಳಿದರೆ ಸಾಕು, ಬಿಸಿನೀರು, ಸಾಬೂನಿನ ಕ್ಷಾರ, ಆಹಾರದ ಉಪ್ಪು ಎಲ್ಲವೂ ಒಳನುಗ್ಗುತ್ತವೆ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಹಾಗಾಗಿ ಅದು ಉಬ್ಬಿ, ಪಕ್ಕದ ಗಟ್ಟಿ ಹೊದಿಕೆಯನ್ನೂ ಒಳಗಿನಿಂದಲೇ ಎಬ್ಬಿಸುತ್ತದೆ. ಹೊರಗೆ ಬಿಳಿಯಾಗಿ ಕಾಣುವ ಕಡ್ಡಿ ಒಳಗೆ ಸವೆದಿರುವುದು ಇದರಿಂದಲೇ.

2020ರ ಲಾಕ್‌ಡೌನ್‌ನಲ್ಲಿ ಕೆಲಸದವರು ಬರುವುದು ನಿಂತಾಗ ನಮ್ಮ ನಗರಗಳಲ್ಲಿ ಡಿಶ್‌ವಾಷರ್ ಕೊಂಡವರು ಬಹಳ. ಆಗ ಬಂದ ಮಷೀನುಗಳಿಗೆ ಈಗ ತುಕ್ಕಿನ ವಯಸ್ಸು. ನಮ್ಮ ಅಡುಗೆಮನೆಯ ರೂಢಿಗಳೂ ಇದಕ್ಕೆ ಸೇರಿಕೊಂಡಿವೆ. ಕಬ್ಬಿಣದ ದೋಸೆ ಕಾವಲಿಯನ್ನೂ, ತೆಂಗಿನಕಾಯಿ ತುರಿಯುವ ಕಬ್ಬಿಣದ ಹಲ್ಲನ್ನೂ ಮಷೀನಿಗೆ ತುರುಕುವವರಿದ್ದಾರೆ. ಎಣ್ಣೆಯ ಪಸೆ ತೊಳೆದುಹೋದ ಕಾವಲಿ ತಾನೂ ತುಕ್ಕು ಹಿಡಿಯುತ್ತದೆ, ಆ ಪುಡಿಯನ್ನು ಸ್ಟೀಲ್ ಚಮಚದ ಮೇಲೂ ರ‍್ಯಾಕಿನ ಮೇಲೂ ಕೂರಿಸುತ್ತದೆ. ಕಾವಲಿಯನ್ನು ಒರೆಸಿ ಎಣ್ಣೆ ಸವರಿ ಇಡುತ್ತಿದ್ದ ಅಜ್ಜಿಯರ ಲೆಕ್ಕ ಸರಿಯಿತ್ತು. ಅದಕ್ಕೆ ಮಷೀನು ಬೇಕಿಲ್ಲ.

ಇನ್ನೊಂದು ಉಪ್ಪಿನ ವಿಷಯ. ಬೋರ್‌ವೆಲ್‌ನ ಗಡಸು ನೀರನ್ನು ಮೆದು ಮಾಡಲು ಮಷೀನಿನ ತಳದ ಡಬ್ಬಿಗೆ ಉಪ್ಪು ತುಂಬುತ್ತಾರೆ. ತುಂಬುವಾಗ ಹರಳು ಚೆಲ್ಲುತ್ತದೆ, ಉಪ್ಪುನೀರು ಉಕ್ಕುತ್ತದೆ. ಅದನ್ನು ಹಾಗೇ ಬಿಟ್ಟು ಬಾಗಿಲು ಮುಚ್ಚಿದರೆ ಸ್ಟೇನ್‌ಲೆಸ್ ಸ್ಟೀಲ್‌ಗೂ ಉಳಿಗಾಲವಿಲ್ಲ, ಬೋಳಾದ ತಂತಿಯ ಮಾತು ಬಿಡಿ. ಉಪ್ಪು ತುಂಬಿದ ಕೂಡಲೇ ಮುಚ್ಚಳ ಬಿಗಿದು ಮಷೀನು ಓಡಿಸಬೇಕು. ತುಂಬಿಸಿಟ್ಟು ರಾತ್ರಿ ಓಡಿಸಿದರಾಯಿತು ಎನ್ನುವುದೇ ತಪ್ಪು.

ಕಂಡ ಕಂದೆಲ್ಲ ರ‍್ಯಾಕಿನದ್ದಲ್ಲ ಎಂಬುದೂ ನೆನಪಿರಬೇಕು. ಕಡ್ಡಿಯ ಮೇಲಿನ ಕಲೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗಿ, ಕೆಳಗೆ ಹೊದಿಕೆ ನುಣುಪಾಗಿದ್ದರೆ ಅದು ಹೊರಗಿನಿಂದ ಬಂದದ್ದು, ಕಾವಲಿಯದೋ ನೀರಿನ ಕಬ್ಬಿಣದ ಅಂಶದ್ದೋ. ಮಷೀನಿನ ಒಳಗೋಡೆಗಳೆಲ್ಲ ಒಂದೇ ಸಮ ಕೆಂಪಡರಿದ್ದರೆ ಮೊದಲು ಅನುಮಾನಿಸಬೇಕಾದದ್ದು ನೀರನ್ನು. ಇಂಥ ಕಲೆಗೆ ಅಂಗಡಿಯವರು ನಿಂಬೆ ಉಪ್ಪು ಎನ್ನುವ ಸಿಟ್ರಿಕ್ ಆ್ಯಸಿಡ್ ಸಾಕು, ಪಾತ್ರೆ ಇಲ್ಲದೆ ಒಂದು ಸಲ ಬಿಸಿನೀರಿನಲ್ಲಿ ಓಡಿಸಿದರೆ ಬಿಡುತ್ತದೆ.

ಹೊದಿಕೆ ಒಡೆದಿದ್ದರೆ ಮಾತ್ರ ಕೈಕೆಲಸ. ರ‍್ಯಾಕನ್ನು ಹೊರತೆಗೆದು ಬಿಸಿಲಲ್ಲಿ ಒಣಗಿಸಿ, ಸಡಿಲಗೊಂಡ ಪ್ಲಾಸ್ಟಿಕನ್ನು ಗಟ್ಟಿ ಜಾಗ ಸಿಗುವವರೆಗೆ ಕತ್ತರಿಸಬೇಕು. ಮನಸ್ಸು ಹಿಂಜರಿಯುವುದು ಇಲ್ಲೇ, ಕತ್ತರಿಸದಿದ್ದರೆ ಉಳಿದ ತುಕ್ಕು ಹೊಸ ಬಣ್ಣದಡಿ ಮತ್ತೆ ಹೊರಡುತ್ತದೆ. ಆಮೇಲೆ ಉಪ್ಪುಕಾಗದದಿಂದ ಬೆಳ್ಳಗೆ ಲೋಹ ಕಾಣುವಷ್ಟು ತಿಕ್ಕಿ, ಒರೆಸಿ, ಪೂರ್ತಿ ಒಣಗಿಸಿ, ಡಿಶ್‌ವಾಷರ್ ರ‍್ಯಾಕಿಗೆಂದೇ ಬರುವ ವಿನೈಲ್ ಬಣ್ಣವನ್ನು ಎರಡು ಸಲ ಹಚ್ಚಬೇಕು. ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಆರಬೇಕು. ತುದಿಗಳಿಗೆ ಟೋಪಿಯಂಥ ಪುಟ್ಟ ರಬ್ಬರ್ ಕ್ಯಾಪುಗಳೂ ಸಿಗುತ್ತವೆ. ಮನೆಯಲ್ಲಿದ್ದ ಎನಾಮಲ್ ಪೇಂಟೋ ಉಗುರುಬಣ್ಣವೋ ಬಳಿಯುವುದು ಬೇಡ, ಅರವತ್ತು ಎಪ್ಪತ್ತು ಡಿಗ್ರಿ ನೀರಿನಲ್ಲಿ ಅದು ಎದ್ದು ಊಟದ ತಟ್ಟೆಗೇ ಬರುತ್ತದೆ. ಮುರಿದ ಕಡ್ಡಿಯನ್ನು ವೆಲ್ಡಿಂಗ್ ಮಾಡಿಸುವುದಂತೂ ಕೂಡದು. ವಿನೈಲ್ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಎಂಬ ವಿಷದ ಹೊಗೆ ಬರುತ್ತದೆ.

ಹತ್ತಾರು ಕಡ್ಡಿಗಳು ಸವೆದಿದ್ದರೆ ರ‍್ಯಾಕನ್ನೇ ಬದಲಿಸಬೇಕು. ಆ ರ‍್ಯಾಕು ಬಿಡಿಯಾಗಿ ಸಿಗಬೇಕಲ್ಲ? ಐರೋಪ್ಯ ಒಕ್ಕೂಟದಲ್ಲಿ 2021ರ ಮಾರ್ಚ್ 1ರಿಂದ ನಿಯಮವೇ ಇದೆ. ಒಂದು ಮಾದರಿಯ ಕೊನೆಯ ಮಷೀನು ಮಾರುಕಟ್ಟೆಗೆ ಬಂದ ಮೇಲೂ ಕನಿಷ್ಠ 10 ವರ್ಷ ಒಳಗಿನ ರ‍್ಯಾಕ್‌ಗಳು ಬಳಕೆದಾರರಿಗೇ ಸಿಗಬೇಕು, ಕೇಳಿದ 15 ಕೆಲಸದ ದಿನಗಳಲ್ಲಿ ತಲುಪಬೇಕು. ಭಾರತದಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು ದುರಸ್ತಿ ಹಕ್ಕಿನ ಪೋರ್ಟಲ್ ತೆರೆದಿದೆ. ಅದು ಮಾಹಿತಿ ಕೊಡುವ ಜಾಗ. ಇಂತಿಷ್ಟು ವರ್ಷ ಬಿಡಿಭಾಗ ಇಡಲೇಬೇಕೆಂಬ ಕಟ್ಟಳೆ ಅಲ್ಲಿಲ್ಲ. ಅಂಥ ಕಟ್ಟಳೆ ಇಲ್ಲಿಗೂ ಬರಬೇಕು. ಬರುವವರೆಗೆ, ಹೊಸ ಡಿಶ್‌ವಾಷರ್ ಕೊಳ್ಳಲು ಹೋದವರು ಬಣ್ಣ, ರಿಯಾಯಿತಿ ವಿಚಾರಿಸುವ ಮೊದಲು ಒಂದು ಪ್ರಶ್ನೆ ಕೇಳಲಿ: ಕೆಳಗಿನ ರ‍್ಯಾಕು ಬಿಡಿಯಾಗಿ ಸಿಗುತ್ತದೆಯೇ, ಬೆಲೆ ಎಷ್ಟು, ಎಷ್ಟು ವರ್ಷದವರೆಗೆ? ಉತ್ತರವನ್ನು ಬಿಲ್ಲಿನ ಜೊತೆ ಬರೆಸಿಕೊಳ್ಳಲಿ.