ಪಠ್ಯಕ್ರಮ ಆಮೇಲೆ, ವ್ಯಾಸಂಗ ಪ್ರಮಾಣಪತ್ರ ಮೊದಲು

ಎಸ್ಸೆಸ್ಸೆಲ್ಸಿ ತೇರ್ಗಡೆಗೆ ಶೇ 35ರ ಬದಲು ಶೇ 33 ಸಾಕು, 625ಕ್ಕೆ 206 ಬಂದರೆ ಪಾಸು ಎಂದು ಸರ್ಕಾರ ಹೇಳಿದ್ದೇ ತಡ, ‘ಇನ್ನು ಶಾಲೆಯಲ್ಲಿ ಉಳಿದಿರುವುದಾದರೂ ಏನು, ಮಕ್ಕಳನ್ನು ಮನೆಯಲ್ಲೇ ಓದಿಸೋಣ’ ಎನ್ನುವವರ ದನಿ ಸ್ವಲ್ಪ ಏರಿದೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಈ ಮಾತು ಊರಿಗೆ ಮರಳಿ ತೋಟದ ಮನೆ ಕಟ್ಟಿಕೊಂಡವರ ಜೊತೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಕಡೆಗೂ ಬಂದಿದೆ. ಆರನೇ ಕ್ಲಾಸಿನ ಮಗುವಿಗೆ ಯಾವ ಪಠ್ಯಕ್ರಮ ಒಳ್ಳೆಯದು, ಕೇಂಬ್ರಿಜ್ಜೋ ಎನ್‌ಸಿಇಆರ್‌ಟಿಯೋ, ಯಾವ ಆ್ಯಪ್ ಕೊಳ್ಳಬೇಕು ಎಂಬ ಚರ್ಚೆಯಲ್ಲಿ ಎಲ್ಲರೂ ಮುಳುಗಿದ್ದಾರೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ನಾಲ್ಕು ತಾಲ್ಲೂಕುಗಳ ಹಳ್ಳಿಯಲ್ಲಿ ಓದುತ್ತಿರುವ ಮಗುವನ್ನು ಐದನೇ ತರಗತಿ ಮುಗಿಸಿ ಶಾಲೆ ಬಿಡಿಸುವುದು ದುಬಾರಿ ತಪ್ಪು. ಪಠ್ಯಕ್ರಮ ಚೆನ್ನಾಗಿದೆಯೋ ಇಲ್ಲವೋ ಎಂಬುದಕ್ಕೂ ಈ ತಪ್ಪಿಗೂ ಸಂಬಂಧವಿಲ್ಲ. ಸಂಬಂಧ ಇರುವುದು ಒಂದು ಸಂಖ್ಯೆಗೆ. ಅದು 10.

ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಸಿಇಟಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲಾತಿ ಇದೆ. ಎರಡಕ್ಕೂ ಷರತ್ತು ಒಂದೇ ಬಗೆಯದು: ಒಂದನೇ ತರಗತಿಯಿಂದ ಹತ್ತನೇ ತರಗತಿಯವರೆಗೆ ಹತ್ತು ಪೂರ್ಣ ಶೈಕ್ಷಣಿಕ ವರ್ಷ. ಒಂಬತ್ತೂವರೆ ಅಲ್ಲ, ಒಂಬತ್ತೂ ಅಲ್ಲ. ರಾಜ್ಯ ಸರ್ಕಾರಿ ನೌಕರಿಯ ನೇಮಕಾತಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳ ಪಾಲು ಇನ್ನೂ ದೊಡ್ಡದು, ಶೇ 25. ಕನ್ನಡ ಮಾಧ್ಯಮಕ್ಕೆ ಅಲ್ಲಿಯೂ ಶೇ 5. ಅಲ್ಲಿಯೂ ಕೇಳುವುದು ಹತ್ತನೇ ತರಗತಿಯವರೆಗಿನ ಓದಿನ ಲೆಕ್ಕವನ್ನೇ. ಇದಕ್ಕೆಲ್ಲ ಆಧಾರ ವ್ಯಾಸಂಗ ಪ್ರಮಾಣಪತ್ರ. ಓದಿದ ಶಾಲೆಯ ಮುಖ್ಯೋಪಾಧ್ಯಾಯರು ಸಹಿ ಮಾಡಬೇಕು, ಅದರ ಮೇಲೆ ಬಿಇಒ ಮೇಲುಸಹಿ ಬೀಳಬೇಕು. ಆರು ಮತ್ತು ಏಳನೇ ತರಗತಿಯನ್ನು ಮನೆಯ ಜಗಲಿಯಲ್ಲಿ ಓದಿದ ಮಗುವಿಗೆ ಆ ಎರಡು ವರ್ಷದ ಸಾಲಿನಲ್ಲಿ ಸಹಿ ಮಾಡುವವರು ಯಾರು? ಅಪ್ಪ ಮಾಡಿದರೆ ನಡೆಯುವುದಿಲ್ಲ.

ಮನೆಶಾಲೆಯ ಬಗ್ಗೆ ಬರೆಯುವವರಲ್ಲಿ ಹೆಚ್ಚಿನವರು ಈ ಒಂದು ಹಾಳೆಯ ಸುದ್ದಿಯನ್ನೇ ಎತ್ತುವುದಿಲ್ಲ. ಕಾರಣ ಸರಳ. ಅವರು ಬೆಂಗಳೂರಿನವರು, ಅವರ ಮಕ್ಕಳಿಗೆ ಗ್ರಾಮೀಣ ಮೀಸಲಾತಿ ಹೇಗೂ ಇಲ್ಲ. ಕಳೆದುಕೊಳ್ಳಲು ಏನೂ ಇಲ್ಲದವರ ಸಲಹೆಯನ್ನು ಚಿನಕುರಳಿಯ, ಕಿಕ್ಕೇರಿಯ, ಬೂಕನಕೆರೆಯ ತಂದೆತಾಯಿ ಹಾಗೆಯೇ ಎತ್ತಿಕೊಳ್ಳುವುದು ಎಂಥ ಲೆಕ್ಕ?

ಇನ್ನೊಂದು ಸಂಖ್ಯೆಯೂ ಇದೆ: 7. ಸಿಇಟಿ ಮೂಲಕ ಸರ್ಕಾರಿ ಸೀಟಿಗೆ ಅರ್ಹತೆ ಬರಬೇಕಾದರೆ, ಮೊದಲ ಷರತ್ತಿನ ಪ್ರಕಾರ, ಒಂದನೇ ತರಗತಿಯಿಂದ ದ್ವಿತೀಯ ಪಿಯುವರೆಗಿನ ಅವಧಿಯಲ್ಲಿ ಕನಿಷ್ಠ ಏಳು ವರ್ಷ ರಾಜ್ಯದ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಓದಿರಬೇಕು. ಇಲ್ಲಿ ಕೈಬೆರಳಿನಲ್ಲಿ ಎಣಿಸಿ ನೋಡಿ. ಒಂದರಿಂದ ಐದು, ಐದು ವರ್ಷ. ಪಿಯು ಎರಡು. ಒಟ್ಟು ಏಳು, ಸರಿಯಾಗಿ ಏಳು. ಅಂದರೆ ಐದನೆಯದನ್ನು ಮುಗಿಸಿ ಶಾಲೆ ಬಿಟ್ಟು, ಹತ್ತನೆಯದನ್ನು ಮುಕ್ತ ಶಾಲೆಯಲ್ಲಿ ಕಟ್ಟಿ, ಪಿಯುಗೆ ಊರಿನ ಕಾಲೇಜು ಸೇರಿದ ಮಗು ಈ ಗೆರೆಯನ್ನು ಮುಟ್ಟುತ್ತದೆ. ನಾಲ್ಕನೆಯದಕ್ಕೇ ಬಿಡಿಸಿದರೆ ಆರಕ್ಕೆ ನಿಲ್ಲುತ್ತದೆ. ತಂದೆ ಅಥವಾ ತಾಯಿ ರಾಜ್ಯದಲ್ಲಿ ಓದಿದ್ದರ ಮೇಲೆ ಅರ್ಹತೆ ಕೊಡುವ ಬೇರೆ ಷರತ್ತುಗಳೂ ಇವೆ, ಆದ್ದರಿಂದ 7 ದಾಟದವರಿಗೆ ಬಾಗಿಲು ಪೂರ್ತಿ ಮುಚ್ಚಿಲ್ಲ. 10ಕ್ಕೆ ಅಂಥ ಹಿಂಬಾಗಿಲು ಇಲ್ಲ.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಪಟ್ಟಣಗಳ ಪುರಸಭೆ ಎಲ್ಲೆಯೊಳಗಿನ ಶಾಲೆಯಲ್ಲಿ ಓದುತ್ತಿರುವ ಮಗುವಿಗೆ ಗ್ರಾಮೀಣ ಮೀಸಲಾತಿ ಈಗಲೂ ಸಿಗುವುದಿಲ್ಲ. ಇಂಗ್ಲಿಷ್ ಮಾಧ್ಯಮದಲ್ಲಿದ್ದರೆ ಕನ್ನಡ ಮಾಧ್ಯಮದ್ದೂ ಇಲ್ಲ. ಹಳ್ಳಿಯಿಂದ ದಿನಾ ಹಳದಿ ವ್ಯಾನು ಹತ್ತಿ ಪೇಟೆಯ ಕಾನ್ವೆಂಟಿಗೆ ಹೋಗುವ ಮಕ್ಕಳದ್ದೂ ಇದೇ ಕತೆ. ಮನೆ ಹಳ್ಳಿಯಲ್ಲಿದ್ದರೆ ಸಾಲದು, ಶಾಲೆ ಹಳ್ಳಿಯಲ್ಲಿರಬೇಕು. (ಇದನ್ನು ಪಿಯು ಮುಗಿದ ಮೇಲೆ ಅರ್ಜಿ ತುಂಬುವಾಗ ತಿಳಿದುಕೊಳ್ಳುವ ಪೋಷಕರು ಕಡಿಮೆಯೇನಿಲ್ಲ.) ಇಂಥವರು ಮನೆಶಾಲೆ ಹಿಡಿದರೆ ನನ್ನ ತಕರಾರು ಅರ್ಧಕ್ಕರ್ಧ ಬಿದ್ದುಹೋಗುತ್ತದೆ. ಅವರು ಕಳೆದುಕೊಳ್ಳುವುದು ಬೇರೆ: ಸರ್ಕಾರಿ, ಅನುದಾನಿತ ಶಾಲೆಯಲ್ಲಿದ್ದವರಾದರೆ, ಎಂಟನೇ ತರಗತಿಯಲ್ಲಿ ಬರೆಯುವ ಎನ್‌ಎಂಎಂಎಸ್ ಪರೀಕ್ಷೆ. ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ ಮಾತ್ರ ಮೀಸಲಾದ ಈ ವಿದ್ಯಾರ್ಥಿವೇತನ ವರ್ಷಕ್ಕೆ ₹12,000. ಒಂಬತ್ತರಿಂದ ಪಿಯುವರೆಗೆ ನಾಲ್ಕು ವರ್ಷಕ್ಕೆ ₹48,000. ನವೋದಯದ ಒಂಬತ್ತನೇ ತರಗತಿಗೆ ನಡುವೆ ಸೇರಬೇಕೆಂದರೂ ಮಾನ್ಯತೆ ಇರುವ ಶಾಲೆಯಲ್ಲಿ ಎಂಟನೆಯದನ್ನು ಓದಿರಬೇಕು.

ಇಷ್ಟು ಹೇಳಿದಾಗ ಬರುವ ಮೊದಲ ಪ್ರಶ್ನೆ, ‘ಮನೆಯಲ್ಲಿ ಓದಿಸುವುದು ಕಾನೂನುಬಾಹಿರವೇ?’. ಅಲ್ಲ. 2012ರಲ್ಲಿ ಕೇಂದ್ರದ ಮಾನವ ಸಂಪನ್ಮೂಲ ಸಚಿವಾಲಯವೇ ದೆಹಲಿ ಹೈಕೋರ್ಟ್‌ಗೆ ಅಫಿಡವಿಟ್ ಸಲ್ಲಿಸಿ, ಸ್ವಇಚ್ಛೆಯಿಂದ ಪರ್ಯಾಯ ಶಿಕ್ಷಣ ಆರಿಸಿಕೊಂಡ ಪೋಷಕರಿಗೆ ಆರ್‌ಟಿಇ ಕಾಯ್ದೆ ಅಡ್ಡಿಯಲ್ಲ ಎಂದಿದೆ. ಮನೆಶಾಲೆಯ ಬೆಂಬಲಿಗರು ಅದನ್ನು ತಾಮ್ರಶಾಸನದಂತೆ ಹಿಡಿದು ತಿರುಗುತ್ತಾರೆ. ಅದರ ಜೊತೆ 2014ರ ಮೇ 6ರ ಸುಪ್ರೀಂ ಕೋರ್ಟ್ ತೀರ್ಪನ್ನೂ ಎಳೆದು ತರುತ್ತಾರೆ. ನಮ್ಮದೇ ರಾಜ್ಯದ 1994ರ ಭಾಷಾ ಮಾಧ್ಯಮ ಆದೇಶವನ್ನು ಬದಿಗೆ ಸರಿಸಿ, ಪ್ರಾಥಮಿಕ ಹಂತದ ಬೋಧನಾ ಮಾಧ್ಯಮದ ಆಯ್ಕೆ ಮಗುವಿನದು, ಮಗುವಿನ ಪರವಾಗಿ ಪೋಷಕರದು ಎಂದ ಸಂವಿಧಾನ ಪೀಠದ ತೀರ್ಪು ಅದು. ಆ ತೀರ್ಪು ಬಂದದ್ದು ಶಾಲೆಯೊಳಗಿನ ಆಯ್ಕೆಯ ಬಗ್ಗೆ. ಅಫಿಡವಿಟ್ ಹೇಳಿದ್ದು ಅಡ್ಡಿ ಇಲ್ಲ ಎಂದಷ್ಟೇ. ಮನೆಯಲ್ಲಿ ಓದಿದ ವರ್ಷವನ್ನು ಶಾಲೆಯ ವರ್ಷವೆಂದು ಎಣಿಸಿ ಎಂದು ಎರಡರಲ್ಲೂ ಒಂದು ಸಾಲಿಲ್ಲ. ಅನುಮತಿ ಬೇರೆ, ಮಾನ್ಯತೆ ಬೇರೆ. ನಮ್ಮ ಬರಹಗಾರರು ಎರಡನ್ನೂ ಕಲಸಿ ಬಡಿಸುತ್ತಿದ್ದಾರೆ.

ಹಾಗಾದರೆ ಹೆಸರನ್ನು ಸರ್ಕಾರಿ ಶಾಲೆಯ ಹಾಜರಿ ಪುಸ್ತಕದಲ್ಲಿ ಬಿಟ್ಟು ಮಗುವನ್ನು ಮನೆಯಲ್ಲಿ ಕೂರಿಸಬಹುದಲ್ಲ ಎಂದು ಜಾಣರು ಕೇಳುತ್ತಾರೆ. ಅದು ಕಳ್ಳದಾರಿ. ಶಾಲೆಯಿಂದ ಹೊರಗುಳಿದ ಮಕ್ಕಳ ಬಗ್ಗೆ ಕರ್ನಾಟಕ ಹೈಕೋರ್ಟ್ 2013ರಲ್ಲಿ ಸ್ವಯಂಪ್ರೇರಿತವಾಗಿ ಮೊಕದ್ದಮೆ ಎತ್ತಿಕೊಂಡ ಮೇಲೆ, ಸತತ ಏಳು ದಿನ ಕಾರಣವಿಲ್ಲದೆ ಬಾರದ ಮಗುವನ್ನು ಹುಡುಕಿಕೊಂಡು ಹೋಗುವ ವ್ಯವಸ್ಥೆ ರಾಜ್ಯದಲ್ಲಿ ಬಂದಿದೆ. ಮುಖ್ಯೋಪಾಧ್ಯಾಯರನ್ನು ಸುಳ್ಳು ಹಾಜರಿಗೆ ಎಳೆಯುವುದು ಅವರ ನೌಕರಿಗೂ ಮಗುವಿನ ದಾಖಲೆಗೂ ಕುತ್ತು. ನಾನು ಹೇಳುತ್ತಿರುವುದು ಅದಲ್ಲ: ಮಗು ಊರಿನ ಶಾಲೆಗೆ ದಿನಾ ಹೋಗಲಿ, ಮೊಟ್ಟೆ, ಹಾಲು, ಬಿಸಿಯೂಟ ಉಂಡು ಬರಲಿ, ಜೊತೆಯವರೊಂದಿಗೆ ಜಗಳವಾಡಲಿ. ಸಂಜೆ, ಭಾನುವಾರ, ದಸರಾ ಮತ್ತು ಬೇಸಿಗೆ ರಜೆ ಪೋಷಕರ ಕೈಯಲ್ಲಿವೆ. ಆ ಸಮಯಕ್ಕೆ ಪಠ್ಯಕ್ರಮ ಆರಿಸಿ.

ಇಲ್ಲ, ಬಿಡಿಸಿಯೇ ಸಿದ್ಧ ಎನ್ನುವವರಿಗೆ ಪಠ್ಯಕ್ರಮದ ಪ್ರಶ್ನೆ ನಿಜಕ್ಕೂ ಅಷ್ಟು ಕಷ್ಟದ್ದಲ್ಲ. ಮುಕ್ತ ಶಾಲೆಯ ರಾಷ್ಟ್ರೀಯ ಸಂಸ್ಥೆಯಾದ ಎನ್‌ಐಒಎಸ್‌ನ ಹತ್ತನೇ ತರಗತಿಗೆ ಸೇರಲು 14 ವರ್ಷ ತುಂಬಿರಬೇಕು. ಎಂಟನೆಯದರ ಅಂಕಪಟ್ಟಿ ಕಡ್ಡಾಯವಲ್ಲ. ಈ ಕೋರ್ಸಿಗೆ ಬೇಕಾದಷ್ಟು ಓದಿದ್ದೇನೆ ಎಂಬ ಸ್ವಯಂ ಘೋಷಣೆ ನಡೆಯುತ್ತದೆ. ಐದು ವಿಷಯ, ಐದು ವರ್ಷದಲ್ಲಿ ಒಂಬತ್ತು ಅವಕಾಶ, ತೇರ್ಗಡೆಗೆ 33. ಅಂದರೆ ಹನ್ನೊಂದರಿಂದ ಹದಿನಾಲ್ಕರ ನಡುವೆ ಮಗು ಓದಿದ್ದನ್ನು ಯಾವ ಮಂಡಳಿಯೂ ಕೇಳುವುದಿಲ್ಲ. ಯಾರೂ ಕೇಳದ ಆ ಮೂರು ವರ್ಷಕ್ಕೆ ಸಾವಿರಾರು ರೂಪಾಯಿ ಕೊಟ್ಟು ಹೊರದೇಶದ ಪೆಟ್ಟಿಗೆ ಪಠ್ಯಕ್ರಮ ತರಿಸುವುದು ಶುದ್ಧ ದಂಡ. ಎನ್‌ಐಒಎಸ್‌ನ 33ರ ಸುಲಭಕ್ಕೆ ಮಾರುಹೋಗಿದ್ದವರಿಗಂತೂ ಈಗ ಆ ನೆಪವೂ ಇಲ್ಲ. ಎಸ್ಸೆಸ್ಸೆಲ್ಸಿಯೂ ಅಲ್ಲಿಗೇ ಇಳಿದಿದೆ.

ನನ್ನ ಆಯ್ಕೆ ರಾಜ್ಯ ಪಠ್ಯವೇ. ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಎಲ್ಲ ಪುಸ್ತಕಗಳೂ ಉಚಿತ. ಗಣಿತ, ವಿಜ್ಞಾನದ ಪುಸ್ತಕಗಳು ಎನ್‌ಸಿಇಆರ್‌ಟಿಯ ಹಳೆಯ ಪುಸ್ತಕಗಳನ್ನು ಆಧರಿಸಿದವು. ಎನ್‌ಸಿಇಆರ್‌ಟಿ ಈ ನಡುವೆ ಆರನೇ ತರಗತಿಗೆ 2024ರಲ್ಲಿ, ಏಳು ಮತ್ತು ಎಂಟಕ್ಕೆ 2025ರಲ್ಲಿ ಹೊಸ ಪುಸ್ತಕ ತಂದಿದೆ. ಗಣಿತಕ್ಕೆ ‘ಗಣಿತ ಪ್ರಕಾಶ್’, ವಿಜ್ಞಾನಕ್ಕೆ ‘ಕ್ಯೂರಿಯಾಸಿಟಿ’. ಅವೂ ಉಚಿತ. ಕನ್ನಡದ್ದನ್ನು ಮೂಲವಾಗಿ ಇಟ್ಟುಕೊಂಡು ಹೊಸದನ್ನು ಪಕ್ಕದಲ್ಲಿ ತೆರೆದಿಡಿ. ಇಂಗ್ಲಿಷ್ ಪದಗಳ ಅಭ್ಯಾಸ ಅಲ್ಲಿಂದಲೇ ಆಗುತ್ತದೆ, ಪಿಯು ವಿಜ್ಞಾನಕ್ಕೆ ಬೇಕಾದದ್ದೂ ಅದೇ. ಓದಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯ. ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ.

ಕನ್ನಡದ ವಿಚಾರಕ್ಕೆ ಸ್ವಲ್ಪ ನಿಲ್ಲಬೇಕು. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಎಲ್ಲ ಪಠ್ಯಕ್ರಮದ ಶಾಲೆಗಳನ್ನೂ ಕಟ್ಟಿಹಾಕುತ್ತದೆ, ಮನೆಯನ್ನು ಕಟ್ಟಿಹಾಕುವುದಿಲ್ಲ. ಎನ್‌ಐಒಎಸ್‌ನಲ್ಲಿ ಕನ್ನಡ ಒಂದು ಆಯ್ಕೆಯ ಭಾಷೆ, ಕಡ್ಡಾಯವಲ್ಲ. ಹೀಗಾಗಿ ಪು.ತಿ.ನ. ಹುಟ್ಟಿದ ಮೇಲುಕೋಟೆಯಲ್ಲೋ, ಕೆ.ಎಸ್. ನರಸಿಂಹಸ್ವಾಮಿ ಹುಟ್ಟಿದ ಕಿಕ್ಕೇರಿಯಲ್ಲೋ ಬೆಳೆದ ಮಗು ಆರನೇ ತರಗತಿಯಿಂದ ಮುಂದೆ ಕನ್ನಡದ ಒಂದು ಪುಟ ಓದದೆ ಹತ್ತನೆಯದನ್ನು ದಾಟಬಹುದು. ಸುಖದೇವ್ ಥೋರಟ್ ಆಯೋಗ 2025ರ ಆಗಸ್ಟ್‌ನಲ್ಲಿ ಕೊಟ್ಟ ರಾಜ್ಯ ಶಿಕ್ಷಣ ನೀತಿ ವರದಿ ಮಾತೃಭಾಷೆ ಅಥವಾ ಕನ್ನಡ ಮಾಧ್ಯಮವನ್ನು ಐದನೆಯವರೆಗೆ ಕಡ್ಡಾಯವಾಗಿ, ಸಾಧ್ಯವಾದರೆ ಪಿಯುವರೆಗೂ ಎನ್ನುತ್ತಿದೆ. ಶಾಲೆಯ ಗೋಡೆಯಾಚೆಗಿನ ಮಗು ಆ ಶಿಫಾರಸಿನ ಲೆಕ್ಕಕ್ಕೆ ಎಲ್ಲಿ ಸೇರುತ್ತದೆ?

ಸಂಪನ್ಮೂಲ ಎಂದು ಎಲ್ಲೆಲ್ಲೋ ಹುಡುಕುವವರು ಮಂಡ್ಯದ ಪತ್ರಿಕೆಗಳಲ್ಲಿ ಬರುವ ಕೆಆರ್‌ಎಸ್ ನೀರಿನ ಮಟ್ಟವನ್ನು ನೋಡಲಿ. ಗರಿಷ್ಠ 124.80 ಅಡಿ, 49.45 ಟಿಎಂಸಿ (ಸಾವಿರ ದಶಲಕ್ಷ ಘನ ಅಡಿ), ಪಕ್ಕದಲ್ಲಿ ಒಳಹರಿವು, ಹೊರಹರಿವು ಕ್ಯೂಸೆಕ್‌ನಲ್ಲಿ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ. ದಿನಕ್ಕೆ 86,400 ಸೆಕೆಂಡು. ಹಾಗಾದರೆ ಒಂದು ದಿನದಲ್ಲಿ ಒಂದು ಟಿಎಂಸಿ ತುಂಬಲು ಎಷ್ಟು ಕ್ಯೂಸೆಕ್ ಹರಿಯಬೇಕು? ಸುಮಾರು 11,574. ಏಳನೇ ತರಗತಿಯ ಅನುಪಾತ, ಘನಫಲ, ದಶಮಾಂಶ, ಗ್ರಾಫ್ ಎಲ್ಲವೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದೊಂದರಲ್ಲೇ ಮುಗಿಯುತ್ತವೆ. ಅದೇ ಲೆಕ್ಕವನ್ನು ಮುಂದುವರಿಸಿ, ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಪಾಂಡವಪುರದ ಬಯಲಿಗೂ ಮಳೆ ನಂಬಿದ ನಾಗಮಂಗಲದ ಹೊಲಕ್ಕೂ ಬೆಳೆ ಯಾಕೆ ಬೇರೆ ಎಂದು ಕೇಳಿದರೆ ಸಮಾಜ ವಿಜ್ಞಾನವೂ ಆಯಿತು. ಜೀವವಿಜ್ಞಾನಕ್ಕೆ 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟು ಶ್ರೀರಂಗಪಟ್ಟಣದ ಪಕ್ಕದಲ್ಲೇ ಇದೆ. ಇದನ್ನೆಲ್ಲ ಮಾಡಿಸಲು ಟಿಸಿ ಪಡೆಯಬೇಕಿಲ್ಲ ಎಂಬುದನ್ನು ಗಮನಿಸಿ.

ಬಿಡಿಸಿದವರು ಮರಳುವ ದಾರಿಯನ್ನೂ ಈಗಲೇ ಗುರುತು ಹಾಕಿಕೊಳ್ಳಲಿ. ಆರ್‌ಟಿಇ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಓದು ನಿಲ್ಲಿಸಿದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಲೇಬೇಕು. ಪ್ರವೇಶ ಪರೀಕ್ಷೆಯ ನೆಪಕ್ಕೆ 13ನೇ ಸೆಕ್ಷನ್ ಅವಕಾಶ ಕೊಡುವುದಿಲ್ಲ. ಆದರೆ ಆ ಕಾಯ್ದೆಯ ಕೈ ಚಾಚುವುದು ಎಂಟನೇ ತರಗತಿಯವರೆಗೆ. ನಮ್ಮಲ್ಲಿ ಪ್ರೌಢಶಾಲೆ ಎಂಟರಿಂದ ಶುರು. ಮರಳುವುದಾದರೆ ಎಂಟಕ್ಕೇ ಮರಳಬೇಕು. ಒಂಬತ್ತಕ್ಕೆ ಬಂದು ನಿಂತರೆ ಕಾನೂನು ಬೆನ್ನಿಗಿಲ್ಲ, ಮುಖ್ಯೋಪಾಧ್ಯಾಯರ ಔದಾರ್ಯವೊಂದೇ ಗತಿ.

ಸರ್ಕಾರದ ಪಾಲೂ ಇದೆ. ಸಣ್ಣ ಶಾಲೆಗಳನ್ನು ದೊಡ್ಡ ಕರ್ನಾಟಕ ಪಬ್ಲಿಕ್ ಶಾಲೆಗೆ (ಕೆಪಿಎಸ್) ಸೇರಿಸುವ ಯೋಚನೆ ಮುಂದುವರಿದರೆ, ದೂರದ ಕಾರಣಕ್ಕೇ ಮನೆಯಲ್ಲಿ ಉಳಿಸುವ ಪೋಷಕರು ಹೆಚ್ಚುತ್ತಾರೆ; ಅವರು ಯಾವ ಆದರ್ಶಕ್ಕೂ ಮಗುವನ್ನು ಬಿಡಿಸಿದವರಲ್ಲ. ಅಂಥ ಮಗುವಿನ ಹತ್ತು ವರ್ಷದ ಸಾಲು ತುಂಡಾದರೆ ಹೊಣೆ ಯಾರದು? ಮನೆಯಲ್ಲಿ ಅಥವಾ ಮುಕ್ತ ಶಾಲೆಯಲ್ಲಿ ಓದಿದ ವರ್ಷಗಳನ್ನು ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿಗೆ ಎಣಿಸಲಾಗುವುದೋ ಇಲ್ಲವೋ ಎಂದು ಶಿಕ್ಷಣ ಇಲಾಖೆ ಎರಡು ಸಾಲಿನ ಸುತ್ತೋಲೆ ಹೊರಡಿಸಲಿ. ಇಲ್ಲ ಎಂಬ ಉತ್ತರವಾದರೂ ಸರಿ, ಟಿಸಿ ಅರ್ಜಿಯ ಮೇಲೆಯೇ ಅಚ್ಚು ಹಾಕಿಸಲಿ.

ಅದು ಬರುವವರೆಗೆ, ಮಗುವನ್ನು ಶಾಲೆ ಬಿಡಿಸಬೇಕೆಂದಿರುವ ಅಪ್ಪ ಅಮ್ಮಂದಿರು ಪಠ್ಯಕ್ರಮದ ಜಾಹೀರಾತು ನೋಡುವ ಮುಂಚೆ ಕೆಇಎ ಮಾಹಿತಿ ಪುಸ್ತಿಕೆಯ ಅರ್ಹತಾ ಷರತ್ತುಗಳನ್ನು ಒಮ್ಮೆ ಪೂರ್ತಿ ಓದಿ, ತಾಲ್ಲೂಕಿನ ಬಿಇಒ ಕಚೇರಿಗೆ ಹೋಗಿ ಲಿಖಿತವಾಗಿ ಉತ್ತರ ಕೇಳಿ.