ಹಾವಿನ ಉಪವಾಸ ಮತ್ತು ಬುಟ್ಟಿಯ ಹಸಿವು

ಕಾರ್ತಿಕ ಕಳೆದು ಮಾರ್ಗಶಿರ ಸಮೀಪಿಸಿದಂತೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯಲ್ಲಿ ರಾತ್ರಿಗಳು ತಂಪಾಗತೊಡಗುತ್ತವೆ. ಹೊಲದಲ್ಲಿ ಹಿಂಗಾರಿ ಜೋಳ ಎದ್ದು ನಿಲ್ಲುವ ಈ ಕಾಲದಲ್ಲಿ ಹಾವನ್ನು ಹಿಡಿದಿಟ್ಟುಕೊಂಡವರು, ಅವರು ಹಾವಾಡಿಗರಾಗಲಿ, ಕುತೂಹಲದಿಂದ ಡಬ್ಬಿಯಲ್ಲಿ ಕೂಡಿಹಾಕಿದ ಹುಡುಗರಾಗಲಿ, ಒಂದು ಸಂಗತಿಯನ್ನು ಕಾಣುವುದುಂಟು: ಹಾವು ಆಹಾರವನ್ನು ಮುಟ್ಟುವುದಿಲ್ಲ. ನಿನ್ನೆಯವರೆಗೆ ಇಲಿಯನ್ನು ಕಂಡೊಡನೆ ಎರಗುತ್ತಿದ್ದ ಕೇರೆಹಾವು ಇಂದು ಕಂಡೂ ಕಾಣದಂತೆ ಸುರುಳಿ ಸುತ್ತಿ ಮಲಗಿರುತ್ತದೆ. ಇದನ್ನು ಕೆಲವರು ರೋಗವೆನ್ನುತ್ತಾರೆ, ಕೆಲವರು ಮುನಿಸೆನ್ನುತ್ತಾರೆ. ಬಳಿಕ ಅದರ ಬಾಯಿ ಬಿಡಿಸಿ ಮಾಂಸ ತುರುಕುತ್ತಾರೆ, ಇಲ್ಲವೆ ಹಾಲೆರೆಯುತ್ತಾರೆ. ಈ ಉಪಚಾರವೇ ಹಾವಿನ ಪ್ರಾಣಕ್ಕೆ ಎರವಾಗಬಹುದು.

ಹಾವು ತನ್ನ ಮೈಯ ಶಾಖವನ್ನು ನಮ್ಮಂತೆ ಒಳಗಿನಿಂದ ಉತ್ಪಾದಿಸಿಕೊಳ್ಳಲಾರದು. ಬಿಸಿಲು, ಬಂಡೆ, ಮಣ್ಣುಗಳಿಂದ ಅದನ್ನು ಪಡೆಯುತ್ತದೆ. ಜಠರರಸಗಳು ಚೆನ್ನಾಗಿ ಕೆಲಸಮಾಡಲು ಸುಮಾರು 30 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕು. ಮೈ ತಣ್ಣಗಿರುವಾಗ ನುಂಗಿದ ಇಲಿಯು ಪಚನವಾಗದೆ ಹೊಟ್ಟೆಯಲ್ಲಿಯೇ ಕೊಳೆಯುತ್ತದೆ. ಹಾವು ಅದನ್ನು ಕಕ್ಕಬೇಕಾಗುತ್ತದೆ, ಕಕ್ಕಲಾರದಿದ್ದರೆ ಸಾಯಲೂಬಹುದು. ಆದುದರಿಂದ ಚಳಿಗೆ ಮುಂಚಿತವಾಗಿಯೇ ಊಟ ಬಿಡುವುದು ಹಾವಿನ ಮೊಂಡುತನವಲ್ಲ, ಅದರ ರಕ್ಷಣೆ.

ಇಷ್ಟು ದಿನ ಉಣ್ಣದೆ ಅದು ಬದುಕುವುದೆಂತು? ಮನೆಮಂದಿ ಪರವೂರಿಗೆ ಹೋದಾಗ ಒಲೆಯನ್ನು ಆರಿಸುವುದಿಲ್ಲವೆ? ಹಾವೂ ಅಷ್ಟೆ. ಊಟವಿಲ್ಲದಾಗ ಹೆಬ್ಬಾವಿನ ಕರುಳು ಕುಗ್ಗುತ್ತದೆ. ಬೇಟೆಯನ್ನು ನುಂಗಿದ ಮೇಲೆ ಎರಡು ದಿನಗಳೊಳಗೆ ಮತ್ತೆ ಬೆಳೆಯುತ್ತದೆ, ಹೃದಯವೂ ಹಿಗ್ಗುತ್ತದೆ. ಅಮೆರಿಕದ ವಿಜ್ಞಾನಿ ಮಾರ್ಷಲ್ ಮೆಕ್ಯೂ ಅವರು 2007ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ಮೂರು ಜಾತಿಯ ಹಾವುಗಳು ಸುಮಾರು ಆರು ತಿಂಗಳು ಆಹಾರವಿಲ್ಲದೆ ಬದುಕಿದುವು. ಅವು ತಮ್ಮ ದೇಹದ ಶಕ್ತಿವ್ಯಯವನ್ನು ಶೇಕಡಾ 72ರವರೆಗೂ ತಗ್ಗಿಸಿಕೊಂಡಿದ್ದುವು. ಚಳಿಯೊಂದೇ ಉಪವಾಸಕ್ಕೆ ಕಾರಣವೆಂದು ತಿಳಿಯಬಾರದು. ಪೊರೆ ಬಿಡುವ ಮುನ್ನ ಕಣ್ಣು ಮಂಜಾದಾಗಲೂ ಹಾವು ಉಣ್ಣದು. ನಮ್ಮ ಹೆಬ್ಬಾವು ಚಳಿಗಾಲದಲ್ಲಿ ಕೂಡುತ್ತದೆ. ಮುಂದೆ ತಾಯಿಹಾವು ಮೊಟ್ಟೆಗಳನ್ನು ಸುತ್ತಿಕೊಂಡು ಸುಮಾರು ಎರಡು ತಿಂಗಳು ಕಾಯುವಾಗ ಆಹಾರದ ಗೋಜಿಗೇ ಹೋಗದು.

ಇಲ್ಲಿ ಒಂದು ಸಂದೇಹ ಹುಟ್ಟುವುದು ಸಹಜ. ಹಾವು ತಾನಾಗಿಯೇ ಉಪವಾಸವಿರುವುದಾದರೆ, ಬುಟ್ಟಿಯೊಳಗಿನ ಹಾವಿಗೆ ಮರುಗುವುದೇಕೆ? ಉಪವಾಸ ಬೇರೆ, ಹಸಿವು ಬೇರೆ ಎಂಬುದೇ ನಮ್ಮ ಉತ್ತರ. ನಮ್ಮ ಸೀಮೆಯ ಚಳಿಯು ಹಿಮದೇಶಗಳ ಚಳಿಯಲ್ಲ. ಇರುಳು ಪಾದರಸವು 15 ಡಿಗ್ರಿಯ ಆಸುಪಾಸಿಗೆ ಇಳಿದರೂ ಹಗಲು ಬಿಸಿಲು ಕಾಯುತ್ತದೆ. ಕೂಡ್ಲಿಗಿಯ ಬಂಡೆಗಲ್ಲುಗಳ ಸಂದಿನಲ್ಲಿಯೋ ಹಡಗಲಿಯ ಹೊಲದ ಹುತ್ತದಲ್ಲಿಯೋ ಇರುವ ಹಾವು ಚಳಿಯಾದಾಗ ಆಳಕ್ಕೆ ಇಳಿಯುತ್ತದೆ, ಬಿಸಿಲೇರಿದಾಗ ಹೊರಬಂದು ಮೈ ಕಾಯಿಸಿಕೊಳ್ಳುತ್ತದೆ, ಬೆಚ್ಚಗಾದ ದಿನ ಇಲಿಯನ್ನೂ ಹಿಡಿದೀತು. ಎಲ್ಲಿರಬೇಕು, ಎಂದು ಉಣ್ಣಬೇಕು ಎಂಬ ಆಯ್ಕೆ ಅದರದು. ಬುಟ್ಟಿಯಲ್ಲಿ ಆ ಆಯ್ಕೆಯಿಲ್ಲ. ಅಲ್ಲಿ ಅದು ಚಳಿಗೆ ಆಳಕ್ಕೆ ಇಳಿಯಲಾರದು, ಬಿಸಿಲಿಗೆ ಏರಲಾರದು. ಹಲ್ಲು ಕಿತ್ತ ನಾಗರಹಾವಿನ ಬಾಯಿ ಕೀವುಗಟ್ಟಿ, ಉಣ್ಣಬೇಕೆಂದರೂ ಉಣ್ಣಲಾಗದು. ನಾಗರಪಂಚಮಿಯಂದು ಅದು ಹಾಲು ಕುಡಿದರೆ ಅದಕ್ಕೆ ಕಾರಣ ಭಕ್ತಿಯಲ್ಲ, ದಿನಗಟ್ಟಲೆ ನೀರು ಕಾಣದ ದಾಹ. ಹಾಲನ್ನು ಜೀರ್ಣಿಸಿಕೊಳ್ಳುವ ಶಕ್ತಿ ಹಾವಿಗಿಲ್ಲ. ಬಲವಂತದಿಂದ ಎರೆದ ಹಾಲು ಶ್ವಾಸಕೋಶಕ್ಕಿಳಿದು ಕೊಲ್ಲುವುದೂ ಉಂಟು.

ಉಪವಾಸವಿರುವ ಆರೋಗ್ಯವಂತ ಹಾವು ವಾರಗಟ್ಟಲೆ ಉಣ್ಣದಿದ್ದರೂ ತೂಕದಲ್ಲಿ ಹೆಚ್ಚು ಇಳಿಯದು. ತೂಕ ಬೇಗಬೇಗನೆ ಇಳಿದರೆ, ಬೆನ್ನುಮೂಳೆ ಎದ್ದು ಕಂಡರೆ, ಬಾಯಲ್ಲಿ ಕೀವು ಅಥವಾ ಉಸಿರಿನಲ್ಲಿ ನೊರೆ ತೋರಿದರೆ ಅದು ರೋಗ. ಈ ಭೇದವನ್ನು ಅರಿಯಲು ತಕ್ಕಡಿ, ಉಷ್ಣಮಾಪಕ ಮತ್ತು ನುರಿತ ಪಶುವೈದ್ಯರು ಬೇಕು. ಇವು ಒಳ್ಳೆಯ ಮೃಗಾಲಯದಲ್ಲಿ ದೊರೆಯುತ್ತವೆ. ಸಂತೆಯ ಬುಟ್ಟಿಯಲ್ಲಿಯೂ ವಿದ್ಯಾರ್ಥಿಯ ಡಬ್ಬಿಯಲ್ಲಿಯೂ ದೊರೆಯವು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ನಾಗರಹಾವು, ಕೇರೆಹಾವು, ಹೆಬ್ಬಾವುಗಳನ್ನು ಹಿಡಿದಿಡುವುದು ಅಪರಾಧವೂ ಹೌದು.

ಹಾವಾಡಿಗರ ಹೊಟ್ಟೆಪಾಡಿನ ಮಾತೇನು? ಈ ಪ್ರಶ್ನೆಯನ್ನು ಕಡೆಗಣಿಸುವುದು ನ್ಯಾಯವಲ್ಲ. ಕಾಯಿದೆಯಿಂದ ಬುಟ್ಟಿಯನ್ನು ಕಸಿದುಕೊಂಡ ಸಮಾಜವು ಅವರ ತಲತಲಾಂತರದ ತಿಳಿವಳಿಕೆಗೆ ಬೇರೊಂದು ದಾರಿ ತೋರಬೇಕು. ತಮಿಳುನಾಡಿನಲ್ಲಿ 1978ರಲ್ಲಿ ಹಾವು ಹಿಡಿಯುವ ಇರುಳರು ಸಹಕಾರ ಸಂಘವೊಂದನ್ನು ಕಟ್ಟಿಕೊಂಡರು. ಅವರು ಹಾವನ್ನು ಕೆಲವು ವಾರ ಇಟ್ಟುಕೊಂಡು, ಪ್ರತಿವಿಷದ ತಯಾರಿಕೆಗಾಗಿ ವಿಷ ತೆಗೆದು, ಮರಳಿ ನೆಲಕ್ಕೆ ಬಿಡುತ್ತಾರೆ. ಹಾವೂ ಉಳಿಯಿತು, ಹಾವನ್ನು ಬಲ್ಲವನೂ ಉಳಿದ.

ವಿದ್ಯಾರ್ಥಿಗಳಿಗೆ ನಮ್ಮ ಸೂಚನೆಯಿಷ್ಟೆ. ಚಳಿಯ ಬೆಳಗಿನಲ್ಲಿ ಬದುವಿನ ಮೇಲೆ ಮಂದವಾಗಿ ಮಲಗಿದ ಹಾವನ್ನು ಕಂಡರೆ ದೂರ ನಿಂತು ನೋಡಿರಿ. ಊಟ ಬಿಟ್ಟ ಹಾವು ವಿಷವನ್ನು ಬಿಟ್ಟಿರುವುದಿಲ್ಲ. ಗಾಯಗೊಂಡದ್ದಾದರೆ ಅರಣ್ಯ ಇಲಾಖೆಗೆ ತಿಳಿಸಿರಿ. ಕಂಡ ದಿನ, ಹೊತ್ತು, ಬಿಸಿಲು ಇವುಗಳನ್ನು ಬರೆದಿಟ್ಟುಕೊಳ್ಳಿರಿ. ಡಬ್ಬಿಯೊಳಗಿನ ಹಾವು ನಿಮಗೆ ಹಸಿವನ್ನು ಮಾತ್ರ ತೋರಿಸೀತು. ಅದರ ಬಾಳನ್ನು ತಿಳಿಯಬೇಕಾದರೆ ಹುತ್ತದ ಬಳಿಯಲ್ಲಿಯೇ, ಅದಕ್ಕೆ ಅಂಜಿಕೆಯಾಗದಷ್ಟು ದೂರದಲ್ಲಿ, ತಾಳ್ಮೆಯಿಂದ ಕಾಯಬೇಕು.