ಐಸ್‌ಕ್ರೀಂ ತಿಂದದ್ದೇ ಅಪರಾಧವೆ?

ದತ್ತು ಮಗುವಿಗಾಗಿ ಬಂದ ವಿದೇಶಿ ದಂಪತಿ ಲಾಲ್‌ಬಾಗಿನಲ್ಲಿ ಐಸ್‌ಕ್ರೀಂ ತಿನ್ನುತ್ತ ಅಡ್ಡಾಡಿದ್ದನ್ನು ಮೋಜಿನ ಪ್ರವಾಸವೆಂದು ಜರೆದ ಲೇಖನ ಓದಿದೆ. ಬರೆದವರಿಗೆ ಕಾನೂನೂ ಗೊತ್ತಿಲ್ಲ, ಮಕ್ಕಳೂ ಗೊತ್ತಿಲ್ಲ.

ಭಾರತ ಅಂತರದೇಶೀಯ ದತ್ತು ಕುರಿತ ಹೇಗ್ ಒಪ್ಪಂದವನ್ನು ಅನುಮೋದಿಸಿದ್ದು 2003ರಲ್ಲಿ. ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರ ‘ಕಾರಾ’ದ ನಿರಾಕ್ಷೇಪಣಾ ಪತ್ರ, ದತ್ತು ಆದೇಶ, ಪಾಸ್‌ಪೋರ್ಟ್, ವೀಸಾ ಇಷ್ಟೂ ಆಗದೆ ಮಗು ವಿಮಾನ ಹತ್ತುವಂತಿಲ್ಲ. 2022ರ ಸೆಪ್ಟೆಂಬರಿನಿಂದ ಆದೇಶ ಹೊರಡಿಸುವುದು ಕೋರ್ಟಲ್ಲ, ಜಿಲ್ಲಾಧಿಕಾರಿ. ಆಂಧ್ರದ ಗಡಿಯಲ್ಲಿರುವ ನಮ್ಮ ರತ್ನಗಿರಿ ಈಗ ಸೇರಿರುವ ಜಿಲ್ಲೆಯಲ್ಲಾದರೆ ಪುಟ್ಟಪರ್ತಿಯ ಕಲೆಕ್ಟರು. ಫೈಲು ಮೇಜಿನಿಂದ ಮೇಜಿಗೆ ಹೋಗುವ ತನಕ ಆ ದಂಪತಿಯೇನು ಲಾಡ್ಜಿನ ಗೋಡೆ ನೋಡುತ್ತ ಕೂರಬೇಕಿತ್ತೆ?

ಮಗುವಿನ ಕಡೆಯಿಂದಲೂ ನೋಡಿ. ಮೂರು ವರ್ಷದ ಕೂಸಿಗೆ ಗೊತ್ತಿರುವುದು ಕನ್ನಡವೋ ತೆಲುಗೋ, ನಮ್ಮ ಗಡಿಯ ಕಡೆಯದಾದರೆ ಎರಡೂ ಕಲೆತ ಮಾತೋ. ಹೊಸ ಅಪ್ಪ ಎತ್ತಿಕೊಂಡರೆ ಮೈ ಸೆಟೆಸುತ್ತದೆ. ಕೊಟ್ಟ ಬಿಸ್ಕತ್ತನ್ನು ತಿನ್ನದೆ ಪುಡಿಯಾಗುವವರೆಗೆ ಮುಷ್ಟಿಯಲ್ಲೇ ಹಿಡಿದಿರುತ್ತದೆ. ಸಹಿ, ಫೋಟೊ, ಸರದಿ ಯಾವುದೂ ಇಲ್ಲದ ಒಂದು ದಿನ ಅದಕ್ಕೆ ಬೇಕೇಬೇಕು.

ಅಕ್ರಮವೇ ನಡೆದಿಲ್ಲ ಎನ್ನುತ್ತಿಲ್ಲ. ಅವಿಭಜಿತ ಆಂಧ್ರದಲ್ಲೇ 2001ರ ಸುಮಾರಿಗೆ ಲಂಬಾಣಿ ತಾಂಡಾಗಳ ಹೆಣ್ಣುಕೂಸುಗಳ ಮಾರಾಟ ಬಯಲಾಗಿತ್ತು. ಬಡ ತಾಯಂದಿರಿಗೆ ಪುಡಿಗಾಸು ಕೊಟ್ಟು ಕೂಸು ಕಿತ್ತುಕೊಂಡವರು ದಲ್ಲಾಳಿಗಳು. ಅವರ ಬಗ್ಗೆ ಲೇಖಕರದ್ದು ಒಂದು ಸಾಲೂ ಇಲ್ಲ!